ನನ್ನ ಹೆಂಡತಿಯ ಕ್ಯಾಸೆಟ್ಟಿನಲ್ಲಿ ನಾನೇ ಬೀಗ

ಹೊಸೂರಿನ ಕಾರ್ಖಾನೆಯೊಂದರಲ್ಲಿ ಬೋಲ್ಟು ಬಿಗಿಯುವುದು ನನ್ನ ಕಸುಬಾದರೂ, ಸಂಗೀತ ಕ್ಷೇತ್ರಕ್ಕೆ ನನ್ನಿಂದ ಏನಾದರೂ ಸೇವೆ ಸಲ್ಲಬೇಕೆಂಬ ಆಸೆ ಮೊದಲಿನಿಂದಲೂ ಇತ್ತು. ಸಂಗೀತ ಕ್ಷೇತ್ರಕ್ಕೆ ಅಂಥ ಆಸೆಯೇನೂ ಇದ್ದಂತಿರಲಿಲ್ಲ! ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂದು, ಟೀ ಅಂಗಡಿಯಿಂದ ಬಸ್ಸಿನವರೆಗೆ ಎಲ್ಲೆಲ್ಲೂ ಹಾಡು ಮೊಳಗತೊಡಗಿದಾಗ ನನ್ನ ಕಾಲ ಬಂತು ಅಂದುಕೊಂಡೆ. ಯಾಕೆಂದರೆ ಕಲಾವಿದೆಯೊಬ್ಬಳು ನನ್ನ ಮನೆಯಲ್ಲೇ ಇದ್ದಳು. ನನ್ನ ಹೆಂಡತಿ ರತ್ನ.

ರತ್ನಳ ತವರು ಅಂಚೆಟ್ಟಿ ಕಡೆಯ ಒಂದು ಬೆಟ್ಟದೂರು. ಅವರ ಮದುವೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗರನ್ನು ಎದುರಿಗೆ ಕೂರಿಸಿಕೊಂಡು ಪದ ಕಟ್ಟಿ ಬೈಯಬೇಕು. ಬೀಗರು ನಗುನಗುತ್ತಾ ಬೈಸಿಕೊಳ್ಳಬೇಕು. ಅದು ಶಾಸ್ತ್ರ! ಈ ವಿದ್ಯೆಯನ್ನು ರತ್ನ ತನ್ನ ಅವ್ವನಿಂದಲೇ ಕಲಿತವಳು. ರಾಗವಿಲ್ಲ, ಆಲಾಪವಿಲ್ಲ; ಹಾಡೋ ಮಾತೋ ಹೇಳುವುದೇ ಕಷ್ಟ. ಬಿಂದಿಗೆಯ ತಳ ತಟ್ಟುತ್ತಾ, ಉಸಿರು ಎಳೆದುಕೊಳ್ಳದೆ ಪಟಪಟ ಉದುರಿಸುತ್ತಾಳೆ:

‘ಬಂದ ನೋಡು ಬೀಗ, ಬಾಯಿಗಿಲ್ಲ ಬೀಗ,
ತಿಂದ ನೋಡು ಬೇಗ, ಎದ್ದು ಹೋಗೋದ್ಯಾವಾಗ?’

ಬಸ್‌ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಸೆಲ್ವಂ ಒಂದು ಮದುವೆಯಲ್ಲಿ ಇದನ್ನು ಕೇಳಿ ದಂಗಾಗಿದ್ದ. ನಾನು ಅವನ ಬಳಿ ಹೋಗಿ ಗಂಭೀರವಾಗಿ ಪ್ರಸ್ತಾಪ ಮಂಡಿಸಿದೆ. ಅವನು ತನ್ನ ತಮಿಳುಗನ್ನಡದಲ್ಲಿ ಅಷ್ಟೇ ಗಂಭೀರವಾಗಿ ಹೇಳಿದ: “ಸಾರ್, ಅಮ್ಮ ಬೈಯೋದು ಪ್ರಮಾದಂ, ಸೂಪರ್! ಆದ್ರೆ ಬರೀ ಖಾರ ಇದ್ರೆ ಜನ ವಾಂಗಲ್ಲ, ಕಾಸು ಬಿಚ್ಚಲ್ಲ. ಕೊಂಜಂ ಸ್ವೀಟು ಬೇಕು. ಮಧ್ಯ ಮಧ್ಯ ಸಿನಿಮಾ ಮಾದಿರಿ ಒಂದು ಲೈನು.”

ಸಿಹಿಯ ಹೊಣೆಯನ್ನು ನಾನು ಹೊತ್ತೆ. ಆ ಸಾಲನ್ನು ನಾನೇ ರಚಿಸಿದೆ, ನಾನೇ ರಾಗ ಹಾಕಿದೆ, ನಾನೇ ಹಾಡುವುದೆಂದು ನಾನೇ ತೀರ್ಮಾನಿಸಿದೆ: ‘ಹೌದು ಹೌದು ಚಿನ್ನಾ, ನೀನಂದಿದ್ದೇ ಚೆನ್ನಾ!’

ರತ್ನ ಮೂಗು ಮುರಿದಳು. “ಬೈಗುಳಕ್ಕೆ ಯಾರಾನ ಬೆಲ್ಲ ಹಾಕ್ತಾರೇನ್ರೀ? ಏನಾನ ಮಾಡ್ಕಳಿ. ನಮ್ಮವ್ವ ಮಂಡಿನೋವು ಬಂದಾಗಿಂದ ಬೆಟ್ಟ ಇಳಿಯಾಕಿಲ್ಲ, ಒಂದು ಮದ್ವೇಗೂ ಹೋಗಾಕಿಲ್ಲ. ಅವ್ಳು ಕಲಿಸಿದ್ದ ಪದ ನನ್ನ ಬಾಯಾಗೆ ಅವ್ಳು ಒಂದ್ಸಲ ಕೇಳ್ಬೇಕು. ನಂಗೆ ಅಷ್ಟೇ ಸಾಕು.” ಹೇಳುವಾಗ ಅವಳ ಕಣ್ಣು ತುಂಬಿತು.

ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಕಂಬಳಿ ಹೊಡೆದು ರೆಕಾರ್ಡಿಂಗ್ ಏರ್ಪಾಡಾಯಿತು. ಸೆಲ್ವಂ ಪುಟ್ಟ ಕೀಬೋರ್ಡು ಹಿಡಿದ. ತಾನು ಬೆರಳೆತ್ತಿದಾಗಲೆಲ್ಲ ನಾನು ನನ್ನ ಸಾಲು ಹಾಡಬೇಕು, ಮತ್ತೇನೂ ಯೋಚಿಸಕೂಡದು ಎಂದು ಅಪ್ಪಣೆ ಮಾಡಿದ. ಟೇಪು ತಿರುಗಿತು. ರತ್ನ ಬಿಂದಿಗೆ ತಟ್ಟಿದಳು. ಬಾಯಿ ತೆರೆದಳು. ಮುಚ್ಚಿದಳು.

“ಯಾಕಮ್ಮಾ?” ಎಂದ ಸೆಲ್ವಂ.

“ಗೋಡೇನ ಬೈಯಕ್ಕಾಯ್ತದಾ? ಎದುರ್ಗೆ ಬೀಗ ಕುಂತಿದ್ರೆ ತಾನೇ ಪದ ಬರೋದು!”

ಬೀಗರನ್ನು ಎಲ್ಲಿಂದ ತರುವುದು? ಕಲೆಗಾಗಿ ತ್ಯಾಗ ಮಾಡುವ ಗಳಿಗೆ ಬಂದೇಬಿಟ್ಟಿತು ಎಂದು, ಹೆಗಲಿಗೆ ಟವೆಲ್ ಹಾಕಿಕೊಂಡು ಅವಳೆದುರು ಚಕ್ಕಂಬಕ್ಕಳ ಹಾಕಿ ಕುಳಿತೆ.

“ನಾನೇ ಬೀಗ ಅಂದ್ಕೊ. ಶಾಸ್ತ್ರಕ್ಕೆ ಬೈಯಿ.”

“ಯೋಚ್ನೆ ಮಾಡ್ಬುಟ್ಟು ಕುಂತ್ಕಳಿ. ಬಿಂದ್ಗೆ ಸದ್ದು ಏರಿದ್ರೆ ನಂಗೆ ಗಂಡ ಗಿಂಡ ಕಾಣಾಕಿಲ್ಲ!”

“ಬೈಯೇ ತಾಯಿ!” ಎಂದೆ. ಕೆಟ್ಟೆ.

ಮೊದಲು ನಿಜಕ್ಕೂ ಶಾಸ್ತ್ರಕ್ಕೇ ಬೈದಳು. ಆಮೇಲೆ ಬಿಂದಿಗೆಯ ಸದ್ದು ಏರಿತು. ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಮದುವೆಯಾದಂದಿನಿಂದ ಕೂಡಿಟ್ಟದ್ದೆಲ್ಲ ಕಟ್ಟೆಯೊಡೆದು ಬಂತು!

‘ನೈಟು ಶಿಫ್ಟು ಅಂತಾನೆ, ಮೆಷೀನ್ ಹಿಂದೆ ಮಲಗ್ತಾನೆ,
ಸೈರನ್ ಕೂಗಿದ್ರೆ ಎದ್ದು ಕಾಫಿ ತಾರೇ ಅಂತಾನೆ!’

ನಾನು ಗಾಬರಿಯಿಂದ ಸೆಲ್ವಂ ಕಡೆ ತಿರುಗಿದೆ. ಅವನು ಬೆರಳೆತ್ತಿದ. ಕಾರ್ಖಾನೆಯ ಶಿಸ್ತು ನೋಡಿ, ಹೇಳಿದ ಕೆಲಸ ಮಾಡಿಯೇ ಅಭ್ಯಾಸ. ಜೇನು ಸುರಿಯುವ ಕಂಠದಲ್ಲಿ ಹಾಡಿದೆ: ‘ಹೌದು ಹೌದು ಚಿನ್ನಾ, ನೀನಂದಿದ್ದೇ ಚೆನ್ನಾ!’

‘ಮೀಸೆ ನೋಡು ಹುಲಿದು, ಹಲ್ಲಿ ಕಂಡ್ರೆ ಓಟ,
ಶನಿವಾರ ಉಪ್ವಾಸ, ಕದ್ದು ಬೋಂಡದೂಟ!’

ಬೆರಳು ಎದ್ದಿತು. ‘ಹೌದು ಹೌದು ಚಿನ್ನಾ...’

ತಲೆಗೆ ಹಚ್ಚುವ ಬಣ್ಣ, ಗೊರಕೆ, ನನ್ನ ತಂಗಿಯ ಮದುವೆಯಲ್ಲಿ ಜೇಬಿಗಿಳಿಸಿದ ಲಾಡು, ಯಾವುದನ್ನೂ ಅವಳು ಬಿಡಲಿಲ್ಲ. ಒಂದೊಂದಕ್ಕೂ ನಾನೇ ಸುಶ್ರಾವ್ಯವಾಗಿ ಸಾಕ್ಷಿ ನುಡಿದೆ!

ಮಾರನೆಯ ದಿನ ಬುದ್ಧಿ ಬಂತು. ಇದು ಹೊರಗೆ ಹೋದರೆ ನನ್ನ ಮಾನ ಹೊಸೂರಿನಿಂದ ಕೃಷ್ಣಗಿರಿಯವರೆಗೂ ಹರಾಜು! ಶಿಫ್ಟಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟುಕೊಂಡೇ ಎದುರಿನ ಅಂಗಡಿಯತ್ತ ಕೂಗಿದೆ: “ಸೆಲ್ವಂ, ಆ ಕ್ಯಾಸೆಟ್ ಬಿಟ್ಬುಡಪ್ಪಾ!”

ಕೈಬಿಡು ಎಂಬುದು ನನ್ನ ಭಾವ. ಆದರೆ ನಮ್ಮ ಕಡೆ ಹೊಸ ಬಸ್ಸನ್ನೂ ‘ಬಿಡುತ್ತಾರೆ’, ಹೊಸ ಪಿಕ್ಚರನ್ನೂ ‘ಬಿಡುತ್ತಾರೆ’.

“ಬಿಡ್ತೀನಿ ಸಾರ್! ಇವತ್ತೇ ಬಿಡ್ತೀನಿ!” ಎಂದು ಸೆಲ್ವಂ ಹಿಗ್ಗಿ ಕೈಬೀಸಿದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡು ನಾನೂ ಬೀಸಿದೆ.

ಅವನು ಬಿಟ್ಟ! ಎಂಥಾ ಬಿಡುವುದು ಅಂತೀರಿ? ಟೀ ಅಂಗಡಿಯಲ್ಲಿ ಬಿಟ್ಟ, ಬಸ್ಸಿನಲ್ಲಿ ಬಿಟ್ಟ, ಮದುವೆ ಮನೆಯ ಮೈಕಿನಲ್ಲಿ ಬಿಟ್ಟ. ಶಿಫ್ಟಿನ ಬಸ್ಸು ಹತ್ತಿದರೆ ಇಡೀ ಬಸ್ಸು ಒಂದೇ ಕಂಠದಲ್ಲಿ ‘ಹೌದು ಹೌದು ಚಿನ್ನಾ’ ಎಂದು ಸ್ವಾಗತಿಸುತ್ತಿತ್ತು. ತಮಿಳರು, ತೆಲುಗರು ಕೂಡ ಆ ಸಾಲಿನಷ್ಟು ಕನ್ನಡ ಕಲಿತರು. ಸೂಪರ್‌ವೈಸರ್ ಬಂದು, “ಮೆಷೀನ್ ಹಿಂದ್ಕೆ ಒಂದು ಚಾಪೆ ಹಾಕ್ಸ್ಲೇನಪ್ಪಾ?” ಎಂದು ವಿಚಾರಿಸಿಕೊಂಡರು.

ರೇಗಿಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ರತ್ನ ನನ್ನ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಮರ್ವಾದೆ ಹೋದ್ರೂ ಪರ್ವಾಗಿಲ್ಲ ಅಂತ ನೀವೇ ‘ಬಿಟ್ಬುಡು’ ಅಂದ್ರಂತಲ್ಲ! ಸೆಲ್ವಣ್ಣ ಎಲ್ಲಾ ಹೇಳ್ತು. ನಿಮ್ಮಂತ ಗಂಡ ಯಾರ್ಗೈತ್ರೀ?” ನಿಜ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. “ಅಯ್ಯೋ, ಅದೇನು ಮಹಾ!” ಎಂದುಬಿಟ್ಟೆ.

ಮುಂದಿನ ರಜೆಗೆ, ಬೇಡಿ ತಂದ ಟೇಪ್‌ರೆಕಾರ್ಡರನ್ನು ಹೆಗಲ ಮೇಲೆ ಹೊತ್ತು, ಬಸ್ಸು ನಿಲ್ಲುವಲ್ಲಿಂದ ಬೆಟ್ಟ ಹತ್ತಿದೆವು. ಅತ್ತೆ ಗೋಡೆಗೊರಗಿ, ಕಣ್ಣುಮುಚ್ಚಿ, ತೊಡೆಯ ಮೇಲೆ ತಾಳ ತಟ್ಟುತ್ತಾ ಪೂರ್ತಿ ಕೇಳಿದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಹಾಡು ಮುಗಿದಾಗ ಮಗಳ ತಲೆ ನೇವರಿಸಿ, “ನನ್ನೂ ಮೀರಿಸ್ಬುಟ್ಟೆ ಕಣವ್ವಾ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ರತ್ನ ಮಗುವಿನಂತೆ ಅತ್ತಳು. ನನ್ನ ಮಾನ ಹೋದದ್ದು ಸಾರ್ಥಕ ಎನ್ನಿಸಿತು.

ಆಮೇಲೆ ಅತ್ತೆ ಕೇಳಿದರು: “ಅಲ್ವೇ, ನಿನ್ನ ಹಿಂದೆ ದನಿ ಕೂಡ್ಸೋ ಆ ಹೆಣ್ಣುಮಗ್ಳು ಯಾರೇ? ಪಾಪ, ಅವ್ಳ ಗಂಡಾನೂ ಇಂತಾ ಕೆಲ್ಸಕ್ಕೆ ಬಾರ್ದೋನಾ?”

ರತ್ನ ನನ್ನತ್ತ ನೋಡಲಿಲ್ಲ. “ಯಾರೋ ನಮ್ಮ ಬೀದಿಯೋಳು ಕಣವ್ವ” ಎಂದಳು.

ಹೊರಡುವಾಗ ಅತ್ತೆ ನನ್ನನ್ನು ಹತ್ತಿರ ಕರೆದು, ಎಲೆಯಡಿಕೆ, ಅರಿಶಿನ ಕುಂಕುಮದ ಜೊತೆ ಒಂದು ಹಸಿರು ರವಿಕೆ ಕಣವನ್ನು ಕೈಗಿಟ್ಟರು. “ಅಳಿಯಂದ್ರೇ, ಮರೀದಂಗೆ ಆ ಯಮ್ಮಂಗೆ ಕೊಟ್ಬುಡಿ. ಚಂದಾಗಿ ಹಾಡವ್ಳೆ.”

ಸಂಗೀತ ಕ್ಷೇತ್ರದಿಂದ ನನಗೆ ಸಂದ ಗೌರವ ಅದೊಂದೇ. ರತ್ನ ಅದನ್ನು ಇನ್ನೂ ಹೊಲಿಸಿಲ್ಲ. ನನ್ನ ಅಳತೆಗೆ ಸಾಲುವುದಿಲ್ಲವಂತೆ!