ಗಾಜಿನ ಪೆಟ್ಟಿಗೆಯಲ್ಲಿ ನಳದ ಅರ್ಜಿ

ಮಾನ್ವಿಯಿಂದ ದೇವದುರ್ಗಕ್ಕೆ ಹೋಗುವ ದಾರಿಯ ಬೂದಿಗುಡ್ಡ ಪಟ್ಟಣದಲ್ಲಿ, ನಿಜಾಮರ ಕಾಲದ ಟೌನ್ ಹಾಲನ್ನು ವಸ್ತುಸಂಗ್ರಹಾಲಯವೆಂದು ಘೋಷಿಸಲಾಗಿದೆ. ಅಲ್ಲಿದ್ದ ಪುರಸಭೆ ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು. ಇತ್ಯರ್ಥವಾಗದ ಕಡತಗಳು ಹಿರಿತನದ ಆಧಾರದ ಮೇಲೆ ಅಲ್ಲೇ ಉಳಿದವು. ಬರಬೇಕಿದ್ದ ಕತ್ತಿ, ನಾಣ್ಯಗಳು ಉದ್ಘಾಟನೆಯ ದಿನವೂ ಬರಲಿಲ್ಲ. ಗಾಜಿನ ಪೆಟ್ಟಿಗೆಯನ್ನು ಖಾಲಿ ಇಡುವುದು ನಿಯಮಬಾಹಿರವಾದ್ದರಿಂದ ಅಧಿಕಾರಿ ಪಂಪಾಪತಿಯವರು ಕೈಗೆ ಸಿಕ್ಕ ಹಳೆಯ ಕಾಗದವೊಂದನ್ನು ಅದರಲ್ಲಿಟ್ಟು ಚೀಟಿ ಅಂಟಿಸಿದರು:

‘ನಳದ ಅರ್ಜಿ. ಕಾಲ: ಕ್ರಿ.ಶ. ೧೯೮೭. ಸದ್ಯದ ಸ್ಥಿತಿ: ಪರಿಶೀಲನೆಯಲ್ಲಿದೆ.’

ಅರ್ಜಿ ಹುಸೇನಪ್ಪನದು. ಮದುವೆಯಾದ ವರ್ಷ, ಹೆಂಡತಿ ಹುಲಗೆಮ್ಮ ದೂರದ ಬಾವಿಯಿಂದ ಕೊಡ ಹೊರುವುದನ್ನು ನೋಡಲಾರದೆ ಬರೆಸಿದ್ದು. ಈಗ ಆಕೆಯ ಮೊಣಕಾಲುಗಳು ಸವೆದಿವೆ, ಕೊಡ ಮಾತ್ರ ಇಳಿದಿಲ್ಲ. ಆಕೆಯ ಮುಖ ನೋಡಲು ಅವನಿಗೆ ಇಂದಿಗೂ ನಾಚಿಕೆ. ಸುದ್ದಿ ತಿಳಿದು ಓಡಿ ಬಂದ.

“ಸಾಹೇಬ್ರ, ಒಂದು ಸಹಿ ಹಾಕ್ರಿ. ಮನಿಗೆ ನೀರು ಬರ್ತದ.”

“ಯಪ್ಪಾ, ಅದೀಗ ಅರ್ಜಿ ಅಲ್ಲ, ಪರಂಪರಿ. ಅದರ ಮ್ಯಾಲೆ ಗೀಚಿದ್ರ ಕೇಸ್ ಆಗ್ತದ.”

“ಹಂಗಾದ್ರ ಹೊಸಾದು ಕೊಡ್ತೀನ್ರಿ.”

“ಹಳೇದು ಇತ್ಯರ್ಥ ಆಗೂತನಕ ಒಂದು ಮನಿಗೆ ಎರಡನೇ ಅರ್ಜಿ ಇಲ್ಲ.”

“ಹಳೇದನ್ನ ವಾಪಸ್ ತಗೋತೀನ್ರಿ.”

“ಅದಕ್ಕೂ ಅರ್ಜಿ ಕೊಡಬೇಕಾಗ್ತದ.”

ಹುಸೇನಪ್ಪನ ಗಂಟಲು ಒಣಗಿತು. ಮೂಲೆಯಲ್ಲಿ ‘ವೀಕ್ಷಕರಿಗೆ ಮಾತ್ರ’ ಎಂಬ ಫಲಕದ ಕೆಳಗೆ ನಳವಿತ್ತು. ಉದ್ಘಾಟನೆಗೆಂದು ಒಂದೇ ದಿನದಲ್ಲಿ ಹಾಕಿಸಿದ್ದು. ಎಷ್ಟು ಕುಡಿಯಬಹುದೆಂದು ಕೇಳಿದ. ಪಂಪಾಪತಿಯವರು ನಿಯಮಾವಳಿ ತಿರುವಿ, ಮಿತಿ ನಮೂದಾಗಿಲ್ಲವೆಂದು ತಿಳಿಸಿದರು.

ಮರುದಿನ ಹುಲಗೆಮ್ಮ ಕೊಡ ಹಿಡಿದು ಬಂದಳು.

“ಯವ್ವಾ, ನೀರು ಕುಡಿಯಾಕ ಕೊಡ ಯಾಕ?”

“ನಾ ನಿಧಾನಕ್ಕ ಕುಡಿತೀನ್ರಿ, ಮನಿಗೆ ಹೋಗಿ.”

ವಾರದಲ್ಲಿ ಇಡೀ ಓಣಿಗೆ ಇತಿಹಾಸದ ಹುಚ್ಚು ಹತ್ತಿತು. ‘ಕೊಡ ತುಂಬುವವರು ಮೊದಲು ಅರ್ಜಿಯನ್ನು ಐದು ನಿಮಿಷ ವೀಕ್ಷಿಸತಕ್ಕದ್ದು’ ಎಂಬ ಪ್ರಕಟಣೆ ಬಿತ್ತು. ಎಲ್ಲರೂ ವೀಕ್ಷಿಸಿದರು. ಇಷ್ಟು ವೀಕ್ಷಕರು ಸುತ್ತಮುತ್ತ ಎಲ್ಲೂ ಇಲ್ಲವೆಂದು ರಾಯಚೂರಿನಿಂದ ಬಂದ ಸಮಿತಿ ಬೆರಗಾಯಿತು. ಸಂತೋಷದ ಭರದಲ್ಲಿ ಅಧ್ಯಕ್ಷರು, ಹುಸೇನಪ್ಪನ ಅರ್ಜಿಯನ್ನು ವಿಶೇಷ ಪ್ರಕರಣವೆಂದು ಇಂದೇ ಮಂಜೂರು ಮಾಡುವುದಾಗಿ ಹೇಳಿ ಪೆನ್ನು ತೆಗೆದರು.

ಪಂಪಾಪತಿಯವರು ಕೆಮ್ಮಿ, ಎಲ್ಲರಿಗೂ ಕೇಳುವಂತೆ ನಿಯಮ ವಿವರಿಸಿದರು. ಅರ್ಜಿ ಇತ್ಯರ್ಥವಾದರೆ ಅದು ಹೊಸ ಕಚೇರಿಗೆ ಹೋಗಬೇಕು, ಪೆಟ್ಟಿಗೆ ಖಾಲಿ. ಪೆಟ್ಟಿಗೆ ಖಾಲಿಯಾದರೆ ಸಂಗ್ರಹಾಲಯ ಬಂದ್. ಬಂದ್ ಆದರೆ ನಳಕ್ಕೆ ಬಿರಡೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಹುಸೇನಪ್ಪನನ್ನೇ ನೋಡಿದರು.

ಹುಸೇನಪ್ಪ ಹುಲಗೆಮ್ಮನ ಮುಖ ನೋಡಿದ. ಆಕೆ ಅಧ್ಯಕ್ಷರಿಗೆ ಕೈ ಮುಗಿದಳು.

“ಬ್ಯಾಡ್ರಿ ಯಪ್ಪಾ. ಅದು ಪರಿಶೀಲನಿಯೊಳಗ ಇರ್ಲಿ. ಹತ್ತು ಮನಿ ನೀರು ಕುಡಿಯಾಕತ್ತಾವ.”

ಅರ್ಜಿಯನ್ನು ಎಂದೆಂದಿಗೂ ಇತ್ಯರ್ಥಪಡಿಸಬಾರದೆಂದು ಓಣಿಯವರೆಲ್ಲ ಹೆಬ್ಬೆಟ್ಟು ಒತ್ತಿ ವಿನಂತಿ ಸಲ್ಲಿಸಿದರು. ಅದು ಅದೇ ದಿನ ಮಂಜೂರಾಯಿತು.