ರಿವರ್ಸ್ ಗೇರಿಲ್ಲದ ಅತ್ತಿಗೆ

ನಮ್ಮ ಅತ್ತಿಗೆಗೆ ದೇವರು ರಿವರ್ಸ್ ಗೇರ್ ಕೊಟ್ಟಿಲ್ಲ. ಅವರ ಕೆಲಸವೇನೋ ಅಮೆರಿಕದ ವಾರೆನ್‌ನಲ್ಲಿ ಕಾರುಗಳ ಬ್ರೇಕು ಪರೀಕ್ಷಿಸುವುದು. ಮಿಶಿಗನ್ನಿನ ಅರ್ಧ ಕಾರುಗಳು ಇವರು ಹೂಂ ಅಂದ ಮೇಲೇ ನಿಲ್ಲುವುದು! ಆದರೆ ಇವರನ್ನೇ ನಿಲ್ಲಿಸುವ ಬ್ರೇಕನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ನನ್ನ ಅಣ್ಣ ಮದುವೆಯಾದಾಗಿನಿಂದ ಹುಡುಕುತ್ತಲೇ ಇದ್ದಾನೆ.

ಹೊರಟ ಮೇಲೆ ಹಿಂದಿರುಗುವುದು ಅಪಶಕುನ ಎಂಬ ನಂಬಿಕೆ ನಮ್ಮ ಮೈಸೂರಿನ ಕಡೆಯೂ ಉಂಟು. ಆದರೆ ನಾವು ಅದಕ್ಕೊಂದು ಪರಿಹಾರವನ್ನೂ ಇಟ್ಟುಕೊಂಡಿದ್ದೇವೆ. ಮರೆತದ್ದನ್ನು ತರಲು ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಹೊರಟರೆ ದೋಷ ಹೋಯಿತು. ಅತ್ತಿಗೆ ಧಾರವಾಡದವರು. ಅವರ ಶಾಸ್ತ್ರದಲ್ಲಿ ಆ ಲೋಟ ನೀರಿಗೂ ಜಾಗವಿಲ್ಲ. "ಹೊಂಟ ಮ್ಯಾಲೆ ಹೊಳ್ಳಿ ಬರೂದಂದ್ರ ಏನು? ಹೊಂಟಿದ್ದಕ್ಕ ಮರ್ಯಾದಿ ಬ್ಯಾಡೇನು?" ಎನ್ನುತ್ತಾರೆ.

ನನ್ನ ಮಗಳ ಹುಟ್ಟುಹಬ್ಬಕ್ಕೆ ಅವರು ಮಿಶಿಗನ್ನಿನ ತಮ್ಮ ಊರು ನೋವೈಯಿಂದ ಶಿಕಾಗೋ ಪಕ್ಕದ ನಮ್ಮ ಮನೆಗೆ ಹೊರಟಿದ್ದರು. ಹೋಳಿಗೆ ತರುವ ಜವಾಬ್ದಾರಿ ಅವರದು. ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ದಾಟುವಷ್ಟರಲ್ಲಿ ಹೋಳಿಗೆಯ ಡಬ್ಬಿ ಗರಾಜಿನಲ್ಲೇ ಉಳಿದದ್ದು ನೆನಪಾಯಿತು. ತಿರುಗಿದರೇ? ಎಲ್ಲಿಯ ಮಾತು! ಅದು ಸಾಲದೆಂಬಂತೆ ನಮ್ಮ ಎಕ್ಸಿಟ್ಟನ್ನೂ ತಪ್ಪಿಸಿಕೊಂಡು, ಯು ಟರ್ನ್ ಹೊಡೆಯಲು ಮನಸ್ಸೊಪ್ಪದೆ, ವಿಸ್ಕಾನ್ಸಿನ್ ಗಡಿ ಮುಟ್ಟಿ, ಸುತ್ತು ಹಾಕಿಕೊಂಡು ಬಂದರು. ಹೋಳಿಗೆಯ ಬದಲು ಅಲ್ಲಿಯ ಚೀಸ್ ತಂದಿದ್ದರು. ಆ ವರ್ಷ ನಾವು ಒಬ್ಬಟ್ಟಿನ ಸಾರಿಗೆ ಚೀಸ್ ನಂಜಿಕೊಂಡು ಉಂಡೆವು.

ಇಂಥ ಅತ್ತಿಗೆ ಐವತ್ತು ದಾಟಿದ ಮೇಲೆ ಒಂದು ಭಾನುವಾರ, ನಾನು ಅವರ ಮನೆಗೆ ಹೋಗಿದ್ದಾಗ, ಉಪ್ಪಿಟ್ಟು ಬಡಿಸುತ್ತಾ, ವಾಷಿಂಗ್ಟನ್ ರಾಜ್ಯದ ಮೌಂಟ್ ಬೇಕರ್ ಹತ್ತುತ್ತೇನೆಂದು ಘೋಷಿಸಿದರು. ವರ್ಷವಿಡೀ ಹಿಮ ಹೊದ್ದಿರುವ ಬೆಟ್ಟ. ಸಾಲದ್ದಕ್ಕೆ ಜೀವಂತ ಜ್ವಾಲಾಮುಖಿ!

"ಒಂದೋ ಐಸು, ಒಂದೋ ಬೆಂಕಿ. ಯಾವುದಾದ್ರೂ ಒಂದನ್ನ ಆರಿಸ್ಕೊಳ್ಳೇ!" ಎಂದು ಅಣ್ಣ ಅಂಗಲಾಚಿದ.

"ಅದು ಮಲಕೊಂಡದ ರೀ. ನಾವು ಸಪ್ಪಳಾ ಮಾಡದ ಹೋಗಿ ಬಂದ್ರಾತು."

"ನೀವಾ? ಸಪ್ಪಳ ಮಾಡದೇನಾ?" ಎಂದೆ ನಾನು.

ಅತ್ತಿಗೆ ನನ್ನ ಕಡೆ ತಿರುಗಿದರು. "ಈ ಊರಾಗ ರೊಟ್ಟಿ ಬಡದಂಗ ಸಪಾಟ ನೆಲಾ ನೋಡಿ ನೋಡಿ ಸಾಕಾಗ್ಯದವ್ವಾ. ಒಮ್ಮ್ಯರ ಮ್ಯಾಲೆ ನಿಂತು ಕೆಳಗ ನೋಡಬೇಕು." ದನಿ ತಗ್ಗಿತ್ತು. ಇದು ಹಟವಲ್ಲ, ಆಸೆ ಎಂದು ನನಗೆ ಆಗ ಗೊತ್ತಾಯಿತು.

ಸಿದ್ಧತೆ ಶುರುವಾಯಿತು. ಬೆಟ್ಟವಿಲ್ಲದ ಊರಲ್ಲಿ ಬೆಟ್ಟ ಹತ್ತುವುದನ್ನು ಕಲಿಯುವುದು ಹೇಗೆ? ಶನಿವಾರ ಆಫೀಸುಗಳೆಲ್ಲ ಖಾಲಿ ಇರುವಾಗ ಪಕ್ಕದ ಸೌತ್‌ಫೀಲ್ಡಿನ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮೆಟ್ಟಿಲುಗಳನ್ನು ಅತ್ತಿಗೆ ಹತ್ತಿ ಇಳಿಯತೊಡಗಿದರು. ಬೆನ್ನಿಗೆ ಸೋನಾ ಮಸೂರಿ ಅಕ್ಕಿಯ ಮೂಟೆ! ನಾಲ್ಕು ಸಲ ನೋಡಿದ ಸೆಕ್ಯುರಿಟಿಯವನು ಐದನೆಯ ಸಲ ಬಹಳ ಮರುಕದಿಂದ ಹತ್ತಿರ ಬಂದು, "ಮ್ಯಾಮ್, ದಿ ಎಲಿವೇಟರ್ ಈಸ್ ವರ್ಕಿಂಗ್" ಎಂದನಂತೆ.

ಹಿಮದಲ್ಲಿ ಜಾರಿದರೆ ಐಸ್ ಆಕ್ಸ್ ಎಂಬ ಗುದ್ದಲಿಯಂಥ ಸಾಧನವನ್ನು ನೆಲಕ್ಕೆ ಚುಚ್ಚಿ, ಅದರ ಮೇಲೆ ಕವುಚಿ ಬಿದ್ದು ನಿಲ್ಲಬೇಕು. ಅದನ್ನು ಕಲಿಯಲು ಮೊದಲು ಬೇಕೆಂದೇ ಬೀಳಬೇಕಲ್ಲ! ಅತ್ತಿಗೆ ಚಳಿಗಾಲದಲ್ಲಿ ತಮ್ಮ ಬಡಾವಣೆಯ ಹಿಮದ ದಿಬ್ಬಕ್ಕೆ ಹೋದರು. ಮಕ್ಕಳು ಸ್ಲೆಡ್ ಎಂಬ ಜಾರುಹಲಗೆಯ ಮೇಲೆ ಜಾರುತ್ತಿದ್ದರೆ ಇವರು ಪಕ್ಕದಲ್ಲೇ ತಲೆ ಕೆಳಗಾಗಿ ಜಾರುತ್ತಿದ್ದರು. ಹೈಸ್ಕೂಲಿನಲ್ಲಿ ಓದುವ ಅವರ ಮಗಳು ಓಡಿ ಬಂದು, "ಮಾಮ್, ಪ್ಲೀಸ್! ಕ್ಯಾನ್ ಯು ಫಾಲ್ ಸಮ್‌ವೇರ್ ಎಲ್ಸ್?" ಎಂದು ಕೈ ಮುಗಿದಳು.

ಆಮೇಲೆ ಒಂದು ದಿನ, ಬೆಟ್ಟಕ್ಕೆ ಕರೆದೊಯ್ಯಲಿದ್ದ ಗೈಡ್ ವೀಡಿಯೋ ಕಾಲ್ ಮಾಡಿದಳು. ಅತ್ತಿಗೆ ಹೆಲ್ಮೆಟ್ಟು, ಹಗ್ಗ, ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು ಎಲ್ಲವನ್ನೂ ಮದುಮಗಳ ಒಡವೆಯಂತೆ ಒಂದೊಂದಾಗಿ ತೋರಿಸಿದರು. ಆಕೆ ಎಲ್ಲವನ್ನೂ ಮೆಚ್ಚಿ, ಕೊನೆಗೆ ಒಂದು ಮಾತು ಹೇಳಿದಳು. ಬೆಟ್ಟದ ಮೇಲೆ ಸಾಯುವವರಲ್ಲಿ ಸಾಮಾನು ಇಲ್ಲದವರಿಗಿಂತ ಹಿಂದಿರುಗಲು ಒಪ್ಪದವರೇ ಹೆಚ್ಚು. ತುದಿ ಕಣ್ಣೆದುರಿಗಿದ್ದರೂ ತಿರುಗಬೇಕಾದಾಗ ತಿರುಗಬೇಕು. ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿರುತ್ತಾರೆ, ಒಬ್ಬರು ಹಟ ಹಿಡಿದರೆ ಎಲ್ಲರಿಗೂ ಅಪಾಯ. ನಿಮ್ಮಿಂದ ಆಗುತ್ತದೆಯೇ?

ಅತ್ತಿಗೆ ಕೈಯಲ್ಲಿದ್ದ ಹಗ್ಗವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಅಣ್ಣ ನಗಲು ಹೋದವನು ನಗಲಿಲ್ಲ.

ಆದರೆ ಅವರು ಎಂಜಿನಿಯರ್ ಅಲ್ಲವೇ! ಬರದ ವಿದ್ಯೆಯನ್ನು ಪ್ರಾಕ್ಟೀಸ್ ಮಾಡಿಯೇ ತೀರಬೇಕು. ಅಣ್ಣ ಯಾವಾಗ ಬೇಕಾದರೂ "ತಿರುಗು" ಎನ್ನಬಹುದು, ಅಂದ ತಕ್ಷಣ ತಿರುಗಬೇಕು ಎಂದು ಒಪ್ಪಂದವಾಯಿತು. ಅಂಗಡಿಯ ದಾರಿಯಲ್ಲಿ, ದೇವಸ್ಥಾನದ ದಾರಿಯಲ್ಲಿ ಅತ್ತಿಗೆ ಹಲ್ಲು ಕಚ್ಚಿಕೊಂಡು ತಿರುಗಿದರು. ತಿಂಗಳುಗಟ್ಟಲೆ ಆ ಮನೆಗೆ ಕೊತ್ತಂಬರಿ ಸೊಪ್ಪು ಬಂದದ್ದಕ್ಕಿಂತ ಬಾರದೆ ಉಳಿದದ್ದೇ ಹೆಚ್ಚು.

ನೋವೈ ಪಕ್ಕದ ವಿಕ್ಸಮ್‌ನಲ್ಲಿ ಪರಿಚಯದವರ ಗೃಹಪ್ರವೇಶವಿತ್ತು. ಅಂದು ನಾನೂ ಜೊತೆಗಿದ್ದೆ. ಬಾಗಿಲಲ್ಲಿ ತೋರಣ, ಒಳಗಿನಿಂದ ಬಿಸಿಬೇಳೆ ಬಾತಿನ ಘಮ, ಆ ಮನೆಯ ಆಂಟಿ ಕುಂಕುಮದ ಬಟ್ಟಲು ಹಿಡಿದು "ಬನ್ನಿ ಬನ್ನಿ" ಎನ್ನುತ್ತಿದ್ದಾರೆ. ಅತ್ತಿಗೆ ಹೊಸ್ತಿಲ ಮೇಲೆ ಕಾಲೆತ್ತಿದ್ದರು.

"ತಿರುಗು," ಎಂದ ಅಣ್ಣ.

ಅತ್ತಿಗೆಯ ಮುಖ ಕೆಂಪಗಾಯಿತು. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ರೇಷ್ಮೆ ಸೀರೆಯಲ್ಲಿ ದುಡುದುಡು ನಡೆದು ಕಾರಿನಲ್ಲಿ ಕೂತರು. ನಾವೂ ಹಿಂಬಾಲಿಸಿದೆವು. ಶುಭಕಾರ್ಯದ ಹೊಸ್ತಿಲಿನಿಂದ ಮುತ್ತೈದೆ ಹಿಂದಿರುಗಿದರೆ ಆ ಮನೆಯವರ ಗತಿ ಏನು ಹೇಳಿ! ತಾಂಬೂಲ ಹಿಡಿದು ಅವರು ವಾರವಿಡೀ ನೋವೈಗೆ ಅಲೆದರು. ಜ್ವಾಲಾಮುಖಿಯ ಕಾರಣ ಹೇಳಿದರೆ ಯಾರು ನಂಬಬೇಕು?

"ಎಂಥಾ ಕೆಲಸ ಮಾಡಿದೆಯೋ! ಬೇರೆ ಜಾಗ ಸಿಗಲಿಲ್ವಾ?" ಎಂದು ನಾನು ಅಣ್ಣನನ್ನು ಬೈದೆ.

"ಅರ್ಧ ದಾರೀಲಿ ಯಾರ್ ಬೇಕಾದ್ರೂ ತಿರುಗ್ತಾರೆ. ಬಾಗಿಲು ಕಂಡ ಮೇಲೆ ತಿರುಗ್ತಾಳಾ ಅಂತ ನೋಡ್ಬೇಕಿತ್ತು ಕಣೇ," ಎಂದ. ಅದುವರೆಗೆ ಆ ತಯಾರಿಯನ್ನು ತಮಾಷೆಯೆಂದೇ ನೋಡಿದ್ದ ನಾನು ಬೈಯುವುದನ್ನು ನಿಲ್ಲಿಸಿದೆ. ಇಷ್ಟು ದೂರ ಬಂದು ನೆಲೆಯೂರಿದ ನಮ್ಮಂಥವರಿಗೆಲ್ಲ ಮುಂದೆ ಹೋಗುವುದೊಂದೇ ಗೊತ್ತು. ಹಿಂದಿರುಗಿದರೆ ಜನ ಏನಂದಾರು ಎಂಬ ಅಂಜಿಕೆ ನನಗೂ ಇಲ್ಲವೇ? ಅತ್ತಿಗೆ ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ.

ಜುಲೈನಲ್ಲಿ ಅತ್ತಿಗೆ ಹೋದರು. ತುದಿ ಹತ್ತುವ ದಿನ ಅಣ್ಣನಿಗೆ ಜೊತೆಯಾಗಿರಲೆಂದು ನಾನು ನೋವೈಗೆ ಬಂದೆ. ಬಡಿಸಿಟ್ಟ ಅನ್ನ ತಟ್ಟೆಯಲ್ಲೇ ಒಣಗಿತು. "ನಂಗೆ ಜ್ವಾಲಾಮುಖಿ ಭಯ ಇಲ್ಲ ಪುಟ್ಟಿ. ಅವಳ ಹಟದ್ದೇ ಭಯ," ಎಂದು ಅಣ್ಣ ಕಿಟಕಿಯ ಬಳಿ ನಿಂತೇ ಇದ್ದ. ಸಂಜೆಯ ಹೊತ್ತಿಗೆ ಫೋನ್ ಬಂತು. ಅವನು ಸ್ಪೀಕರಿಗೆ ಹಾಕಿದ.

"ಕೆಳಗ ಕ್ಯಾಂಪಿಗೆ ಬಂದೇನ್ರೀ. ಆರಾಮಿದ್ದೇನಿ." ದನಿ ಒಡೆದಿತ್ತು. "ತುದಿ ಮುಟ್ಟಲಿಲ್ಲ. ಇಲ್ಲೇ ಕಾಣಸ್ತಿತ್ತು, ಕೈಗೆ ಸಿಗೂವಷ್ಟು ದೂರ. ಗಾಳಿ ಜೋರಾತು. ಇನ್ನೂ ಸ್ವಲ್ಪ ನೋಡೂಣಾ, ಹೊಳ್ಳೂಣಾ ಅಂತ ಗೈಡ್ ಎಲ್ಲಾರ್ನೂ ಕೇಳಿದ್ಲು. ಯಾರೂ ಬಾಯಿ ಬಿಡಲಿಲ್ಲ. ನಾನಽ ಹೇಳಿದೆ, ಹೊಳ್ಳೂಣ ಅಂತ."

ಅಣ್ಣನಿಗೆ ನಂಬಿಕೆಯೇ ಬರಲಿಲ್ಲ. "ನೀನಾ? ನೀನಾಗೇ ಹೇಳ್ದ್ಯಾ?"



"ನೀವು ಉಣ್ಣದ ಕುಂತಿರತೀರಿ ಅಂತ ಗೊತ್ತಿತ್ತ್ರೀ."

ಅಣ್ಣ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು ಅಡುಗೆಮನೆಗೆ ನಡೆದ. ಒಣಗಿದ ಅನ್ನಕ್ಕೇ ಮೊಸರು ಸುರಿದು, ನಿಂತಲ್ಲೇ ಕಲಸಿ ಒಂದು ತುತ್ತು ಬಾಯಿಗಿಟ್ಟ. ಕಣ್ಣಿಂದ ನೀರು ಇಳಿಯುತ್ತಿತ್ತು.

"ಹೂಂ ಕಣೇ," ಎಂದ, "ಊಟ ಮಾಡ್ತಾ ಇದೀನಿ."