ಬಾಣ ತಿರುಗಿಸಿದ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರು ಎಷ್ಟು ಸೀಟಿ ಊದಿದರೂ ಒಂದು ಮಗುವೂ ತಿರುಗಿ ನೋಡಲಿಲ್ಲ. ಹೊಸ ವಿಜ್ಞಾನದ ಟೀಚರ್ ತುಟಿಯ ಮೇಲೆ ಬೆರಳಿಟ್ಟು ನೆಲದ ಮೇಲೆ ಕುಳಿತದ್ದೇ ತಡ, ಸ್ಕೌಟ್ ದಳದ ಮಕ್ಕಳೆಲ್ಲ ಬೆಲ್ಲ ಕಂಡ ಇರುವೆಗಳಂತೆ ಅವರನ್ನು ಮುತ್ತಿಕೊಂಡು, ನಿಜವಾದ ಇರುವೆಗಳ ಗೂಡನ್ನು ನೋಡತೊಡಗಿದರು.

ಶಾಲೆಯ ಬಾಗಿಲಲ್ಲಿ ನಿಂತಿದ್ದ ಜವಾನ ಸುಮ್ಮನಿರಲಿಲ್ಲ.

"ಏನ್ ಸಾರ್, ದೊಡ್ಡ ಶಿಬಿರಕ್ಕೆ ಈ ಸಲ ಸೀಟಿ ಟೀಚರಮ್ಮನ ಕೊರಳಿಗಂತೆ?"

"ಯಾರಯ್ಯಾ ಹೇಳಿದ್ದು?"

"ಯಾರು ಹೇಳ್ಬೇಕು ಸಾರ್? ಇರುವೆಗೂ ಗೊತ್ತು."

ಸುತ್ತಲಿನ ಶಾಲೆಗಳೆಲ್ಲ ಸೇರುವ ಈ ಶಿಬಿರಕ್ಕೆ ನಾಯಕರು ಯಾರೆಂಬುದನ್ನು ಹೆಡ್ ಮಾಸ್ಟರು ಅಂದು ಸಂಜೆ ಹೇಳುವವರಿದ್ದರು. ಮೇಷ್ಟ್ರ ಹೆಂಡತಿಯಾದರೋ ಖಾಕಿ ಅಂಗಿಗೆ ಇಸ್ತ್ರಿ ಹಾಕಿಟ್ಟು, 'ನಮ್ಮವರೇ ನಾಯಕರು' ಎಂದು ಬೀದಿಯಲ್ಲೆಲ್ಲ ಸಾರಿಬಿಟ್ಟಿದ್ದಳು. ಪರರ ಏಳಿಗೆಗೆ ಸಂತೋಷಪಡಬೇಕೆಂದು ಮಕ್ಕಳಿಗೆ ಬೋಧಿಸುವವರೇ ಹೊಟ್ಟೆಕಿಚ್ಚಿಗೆ ಊದುಗೊಳವೆ ಹಿಡಿದರೆ ಶಾಲೆಯ ಗತಿಯೇನು? ಮೇಷ್ಟ್ರು ಹಿಡಿದರು.

ಆ ಮಧ್ಯಾಹ್ನ ಶಾಲೆಯ ಹಿಂದಿನ ಕುರುಚಲು ಕಾಡಿನಲ್ಲಿ ಜಾಡು ಹಿಡಿಯುವ ಪಾಠ. ಟೀಚರ್ ದಾರಿಯುದ್ದಕ್ಕೂ ಕಲ್ಲುಗಳನ್ನು ಬಾಣದಂತೆ ಜೋಡಿಸಿದ್ದರು. ಅವುಗಳನ್ನು ಅನುಸರಿಸಿದವರು ಕೆರೆಯ ದಂಡೆಯನ್ನು ಸೇರಬೇಕು. ಅಲ್ಲಿ ಹೆಡ್ ಮಾಸ್ಟರು ಕಾದಿರುತ್ತಾರೆ. ಮೇಷ್ಟ್ರು ಮೊದಲೇ ನುಸುಳಿ, ಕವಲುದಾರಿಯ ಬಾಣವನ್ನು ಮುಳ್ಳುಪೊದೆಗಳ ಕಡೆಗೆ ತಿರುಗಿಸಿದರು.

"ದಾರಿ ತಪ್ಪಿ ಅಳಲಿ. ಆಮೇಲೆ ನಾನೇ ಹೋಗಿ ಕಾಪಾಡ್ತೀನಿ. ಆಗ ಗೊತ್ತಾಗತ್ತೆ ಯಾರು ನಾಯಕರು ಅಂತ."

ಅಡಗಲು ಪೊದೆಗಳತ್ತ ನಡೆದವರು, ಇಟ್ಟಿಗೆಯವರು ಮಣ್ಣು ತೆಗೆದು ಬಿಟ್ಟಿದ್ದ ಗುಂಡಿಗೆ ಜಾರಿ ಬಿದ್ದರು. ಗುಂಡಿ ಆಳೆತ್ತರಕ್ಕಿಂತ ಹೆಚ್ಚು, ತಳದಲ್ಲಿ ಕೆಸರು. ಹತ್ತಿದಷ್ಟೂ ಎಣ್ಣೆ ಸವರಿದ ಕಂಬದಂತೆ ಜಾರುತ್ತಿತ್ತು. ಮಾನ ಬಿಟ್ಟು ಸೀಟಿ ಊದಿದರು.

ದೂರದಿಂದ ಮಕ್ಕಳ ಮಾತು ಕೇಳಿಸಿತು.

"ಯಾರೋ ಸೀಟಿ ಊದ್ತಿದಾರೆ ಕಣೋ."

"ಡ್ರಿಲ್ ಸಾರ್ ಇರ್ಬೇಕು ಬಿಡು. ಅವರು ಊದ್ತಾನೇ ಇರ್ತಾರೆ."

ಸ್ವಂತ ಕಿವಿಯಿಂದ ಇದನ್ನು ಕೇಳುವುದಕ್ಕಿಂತ ಕೆಸರೇ ಹಿತವಾಗಿತ್ತು. ಬಹಳ ಹೊತ್ತಿನ ಮೇಲೆ ಗುಂಡಿಯ ಅಂಚಿನಲ್ಲಿ ದಳದ ಮುಂದಾಳು ಹುಡುಗಿಯ ಮುಖ ಮೂಡಿತು.

"ಸಾರ್, ಸಿಕ್ಕಿದ್ರಿ! ಕವಲಿನ ಬಾಣದ ಕಲ್ಲಲ್ಲಿ ಮಾತ್ರ ಪಾಚಿ ಕೆಳಗಾಗಿತ್ತು, ಹಸಿ ಮಣ್ಣು ಮೇಲಾಗಿತ್ತು. ಯಾರೋ ತಿರುಗಿಸಿದಾರೆ ಅಂತ ಬೂಟಿನ ಗುರುತು ಹಿಡ್ಕೊಂಡು ಬಂದ್ವಿ."

ಹಗ್ಗ ಇಳಿಯಿತು.

"ಗಂಟು ಗಟ್ಟಿ ಇದೆಯೇನಮ್ಮಾ?" ಎಂದರು ಮೇಷ್ಟ್ರು.

"ಹೆದರ್ಬೇಡಿ ಸಾರ್, ಇದು ನೀವು ಹೇಳಿಕೊಟ್ಟ ಗಂಟಲ್ಲ."

ಮೇಷ್ಟ್ರು ಮೇಲೆ ಬರುವಷ್ಟರಲ್ಲಿ, ಮಕ್ಕಳಿಂದ ಸುದ್ದಿ ತಿಳಿದ ಟೀಚರ್, ಅವರ ಹಿಂದೆ ಏದುಸಿರು ಬಿಡುತ್ತ ಹೆಡ್ ಮಾಸ್ಟರು ಬಂದು ತಲುಪಿದರು.

"ಬಾಣ ತಿರುಗಿಸಿದ್ದು ಯಾರು?" ಎಂದು ಹೆಡ್ ಮಾಸ್ಟರು ಗುಡುಗಿದರು.

ಮೇಷ್ಟ್ರ ಬೆರಳುಗಳಿಗೆ ಅಂಟಿದ್ದ ಪಾಚಿಯನ್ನು ಟೀಚರ್ ಒಮ್ಮೆ ನೋಡಿದರು.

"ನಾನೇ ಇವರನ್ನ ಕೇಳಿಕೊಂಡಿದ್ದೆ ಸಾರ್. ಕಳೆದುಹೋದವರನ್ನ ಹುಡುಕೋದು ಮಕ್ಕಳಿಗೆ ಕಲಿಸೋಣ, ನೀವು ಕಳೆದುಹೋಗಿ ಅಂತ."

ಸತ್ಯವನ್ನು ಕಲಿಸುವ ಬಾಯಿಂದ ಸುಳ್ಳು ಬರುವುದು ಖಂಡನೀಯವೇ. ಆದರೆ ಅಲ್ಲಿ ಖಂಡಿಸಬೇಕಾದ ಮೇಷ್ಟ್ರೇ ತಲೆಯಾಡಿಸಿ, "ಹೌದು ಸಾರ್," ಎಂದುಬಿಟ್ಟರು.

ಹೆಡ್ ಮಾಸ್ಟರ ಕಣ್ಣು ತುಂಬಿತು. "ಎಂಥಾ ತ್ಯಾಗ! ನಾಯಕತ್ವ ಟೀಚರಿಗೇ ಇರಲಿ. ಆದ್ರೆ ಮೇಷ್ಟ್ರೇ, ನೀವಿಲ್ಲದೆ ಶಿಬಿರವೇ ಇಲ್ಲ! ಎಲ್ಲಾ ಶಾಲೆ ಮಕ್ಕಳೂ ನಿಮ್ಮನ್ನ ಹುಡುಕ್ಲಿ. ದಿನಕ್ಕೊಂದು ಗುಂಡಿ!"

ಒಲ್ಲೆನೆನ್ನಬೇಕಾದರೆ ನಿಜ ಹೇಳಬೇಕು. ಮೇಷ್ಟ್ರು ಇನ್ನೊಮ್ಮೆ ತಲೆಯಾಡಿಸಿದರು.

ಅಷ್ಟರಲ್ಲಿ ಮುಂದಾಳು ಹುಡುಗಿ ಹತ್ತಿರ ಬಂದು, ಅವರ ಕೊರಳಿನ ಸೀಟಿಯನ್ನು ಮೆಲ್ಲಗೆ ಬಿಚ್ಚಿಕೊಂಡು ಟೀಚರ ಕೈಗಿತ್ತಳು.

"ಇದು ನಿಮ್ಮ ಹತ್ರ ಬೇಡ ಸಾರ್. ಊದಿದ್ರೆ ಹೊರಗಿನ ಶಾಲೆಯವರು ನಿಜವಾಗ್ಲೂ ಬಿದ್ದಿದೀರಿ ಅಂತ ಓಡಿ ಬಂದ್ಬಿಡ್ತಾರೆ."